ಶಾಲು ಸಾಕು, ಕಿನ್ನಾಳದ ಗಿಳಿ ಕೊಡಿ: ಒಬ್ಬ ಖಜಾಂಚಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಓಣಿಯ ಪಾರ್ಕನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರಿಗೆ ಸನ್ಮಾನ ಮಾಡಬೇಕು ಅಂತಿದ್ದರೆ ಕಿನ್ನಾಳದ ಗೊಂಬೆ ಕೊಡಿ, ನಮ್ಮ ಕೊಪ್ಪಳದ ಹತ್ತಿರದ ಕಿನ್ನಾಳ ಊರಿನಲ್ಲಿ ಮಾಡುವ ಬಣ್ಣದ ಮರದ ಗೊಂಬೆ. ಅಕ್ರಿಲಿಕ್ ಫಲಕಕ್ಕಿಂತ ದುಬಾರಿ. ಹೇಳಿದ ದಿನಕ್ಕೆ ಕೈಗೆ ಸಿಗುವುದು ಕಷ್ಟ. ಪ್ಯಾಕಿಂಗ್ ಅಂತೂ ದೇವರಿಗೇ ಪ್ರೀತಿ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಹೋಯಿತು ಅನ್ನೋದು ಮುಂದೆ ಗೊತ್ತಾಗುತ್ತದೆ.

ನನ್ನದು ಕೊಪ್ಪಳದಲ್ಲಿ ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ತಿರುಗಾಡುವವರ ಗುಂಪೊಂದಿದೆ. ಲೆಕ್ಕ ಬರೆಯೋಕೆ ಬರುತ್ತೆ ಅಂತ ಖಜಾಂಚಿ ಕೆಲಸ ನನಗೆ ಕಟ್ಟಿದ್ದಾರೆ. ತಿಂಗಳಿಗೆ ತಲೆಗೆ 50 ರೂಪಾಯಿ ವಸೂಲಿ ಮಾಡೋದು, ಕೊಡದವರ ಹೆಸರು ಗುಂಪಿನಲ್ಲಿ ಹಾಕೋದು, ಬೈಸಿಕೊಳ್ಳೋದು. ನನಗೆ ಕಲೆ ಗೊತ್ತಿಲ್ಲ, ಬಿಲ್ಲು ಗೊತ್ತು. ಆ ಲೆಕ್ಕದಲ್ಲೇ ಇದನ್ನು ಓದಿಕೊಳ್ಳಿ.

ನಮ್ಮ ಕಡೆ ಸನ್ಮಾನ ಅಂದರೆ ಒಂದು ಸೆಟ್ಟು. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಅಂಗಡಿಗೆ ಹೋಗಿ ಸನ್ಮಾನದ ಸಾಮಾನು ಅಂದರೆ ಸಾಕು, ‘ಎಷ್ಟು ಮಂದಿಗ್ರೀ?’ ಅಂತ ಕೇಳಿ ಕಟ್ಟಿ ಕೊಡುತ್ತಾರೆ. ಯಾರಿಗೆ, ಯಾಕೆ ಅಂತ ಕೇಳುವವರಿಲ್ಲ. ನಿವೃತ್ತ ಮೇಷ್ಟ್ರಿಗೂ ಅದೇ ಶಾಲು, ರಕ್ತದಾನ ಮಾಡಿದವನಿಗೂ ಅದೇ ಶಾಲು. ಶಾಲೂ ಹೊದೆಯುವಂಥದ್ದಲ್ಲ. ಒಮ್ಮೆ ಒಗೆದರೆ ಜರಿ ಎಳೆ ಎಳೆಯಾಗಿ ಬರುತ್ತದೆ. ನಮ್ಮ ಪಾರ್ಕಿನ ಕಾಕಾಗೆ ಹಿಂದೆ ಯಾವುದೋ ಕಾರ್ಯಕ್ರಮದಲ್ಲಿ ಹೊದಿಸಿದ ಶಾಲು ಈಗ ಅವರ ಮನೆಯ ಮಿಕ್ಸಿ ಮೇಲಿದೆ. ಧೂಳು ಕೂರಬಾರದು ಅಂತ. ಅದೇ ದಿನ ಕೊಟ್ಟ ಅಕ್ರಿಲಿಕ್ ಫಲಕದಲ್ಲಿ ಅವರ ಹೆಸರಿನ ಒತ್ತಕ್ಷರವೇ ತಪ್ಪು. ಆಮೇಲೆ ಆ ಸ್ಟಿಕರ್ ಕೂಡ ಎದ್ದು ಬಂತು. ‘ಈಗ ಯಾರ ಹೆಸರೂ ಇಲ್ಲ ನೋಡ್ರಿ, ಯಾರಿಗೆ ಬೇಕಾದ್ರೂ ಕೊಡಬಹುದು’ ಅಂತ ಕಾಕಾ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಈ ಕಾಕಾ ಯಾರು ಅಂತ ಹೇಳದಿದ್ದರೆ ಗಿಳಿಯ ಮಾತು ಅರ್ಥ ಆಗಲ್ಲ.

ಪಾರ್ಕ್ ದೊಡ್ಡದೇನಲ್ಲ. ಸುತ್ತ ಕಾಂಪೌಂಡು, ಒಳಗೆ ಟೈಲ್ಸ್ ಹಾಕಿದ ದಾರಿ, ಕೆಲವು ಸಿಮೆಂಟ್ ಬೆಂಚು, ಮಕ್ಕಳಿಗೆ ಜಾರುಬಂಡಿ, ಜೋಕಾಲಿ. ಉದ್ಘಾಟನೆಯಾದ ವರ್ಷ ಹುಲ್ಲು ಹಸಿರಾಗಿತ್ತು. ಆಮೇಲೆ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತು. ಹೇಳಬೇಕಾದವರಿಗೆ ಹೇಳಿದೆವು. ಬಂದರು, ನೋಡಿದರು, ಫೋಟೊ ತೆಗೆದುಕೊಂಡು ಹೋದರು. ಕೊಪ್ಪಳದ ಏಪ್ರಿಲ್ ಗೊತ್ತಲ್ವಾ? ಬಿಸಿಲು 40 ಡಿಗ್ರಿ ದಾಟುತ್ತದೆ. ಹುಲ್ಲು ಹೋಯಿತು, ಗುಲಾಬಿ ಹೋಯಿತು, ಮೂಲೆಯಲ್ಲಿ ಬಳ್ಳಾರಿ ಜಾಲಿ ಎದ್ದು ನಿಂತಿತು.

ಬಳ್ಳಾರಿ ಜಾಲಿಯ ಮೂಲ ಊರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಇಲ್ಲಿಗೆ ಬಂದು ನಮಗಿಂತ ಚೆನ್ನಾಗಿ ನೆಲ ಹಿಡಿದಿದೆ. ಆಡು ಕಾಯಿ ತಿನ್ನುತ್ತದೆ, ಹಿಕ್ಕೆಯಲ್ಲಿ ಬೀಜ ಬೀಳುತ್ತದೆ, ಅಲ್ಲೊಂದು ಗಿಡ. ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸಾಲದ್ದಕ್ಕೆ ಒಂದರ ಬದಲು ನಾಲ್ಕು ಟೊಂಗೆ. ಕೂಲಿಯವರನ್ನು ಹಚ್ಚಿ ಕಡಿಸಿದೆವು, ಮಳೆ ಬಿದ್ದ ಮೇಲೆ ಜಾಲಿ ಜಾಸ್ತಿಯಾಯಿತು.

ಆಗ ಕಾಕಾ ಬಂದರು. ಕರೆಂಟ್ ಲೈನ್‌ಮನ್ ಆಗಿ ನಿವೃತ್ತರಾದವರು. ಸೈಕಲ್ಲಿಗೆ ಕಬ್ಬಿಣದ ಹಾರೆ ಕಟ್ಟಿಕೊಂಡು ಬಂದು, ಯಾರಿಗೂ ಏನೂ ಹೇಳದೆ ಶುರು ಮಾಡಿದರು. ಸಂಜೆ ಬುಡಕ್ಕೆ ನೀರು ಹಾಕಿ ಹೋಗುವುದು. ರಾತ್ರಿಯೆಲ್ಲ ಮಣ್ಣು ನೆನೆಯುತ್ತದೆ. ಬೆಳಿಗ್ಗೆ ಸುತ್ತಲೂ ಅಗೆದು, ಬೇರು ಕವಲೊಡೆಯುವ ಗಂಟಿನ ಕೆಳಗೆ ಹಾರೆ ಹಾಕಿ ಮೀಟುವುದು. ಗಂಟು ಬಂದರೆ ಗಿಡ ಸತ್ತ ಹಾಗೆ, ಗಂಟು ಉಳಿದರೆ ಮಾಡಿದ್ದೆಲ್ಲ ದಂಡ. ಕಿತ್ತದ್ದನ್ನು ಮುಳ್ಳಿನ ಸಮೇತ ಒಂದು ಕಡೆ ಒಟ್ಟಿ ಒಣಗಿಸುತ್ತಿದ್ದರು. ಆ ಮುಳ್ಳು ಸ್ಕೂಟಿಯ ಟೈರನ್ನೂ ಬಿಡಲ್ಲ, ಇನ್ನು ಕಾಕಾ ಕಾಲಲ್ಲಿ ಹವಾಯಿ ಚಪ್ಪಲಿ. ಮೂಲೆ ಖಾಲಿಯಾದ ಮೇಲೆ ಅಲ್ಲಿ ಬೇವು, ಹೊಂಗೆ ಇಟ್ಟರು. ಕುಡಿಯುವ ನೀರಿನ ಖಾಲಿ ಬಾಟಲಿಗೆ ಸೂಜಿಯಿಂದ ತೂತು ಮಾಡಿ, ಒಂದೊಂದು ಸಸಿಯ ಪಕ್ಕ ಹುಗಿದು, ಮನೆಯಿಂದ 20 ಲೀಟರ್ ಕ್ಯಾನ್ ತಂದು ತುಂಬಿಸುತ್ತಿದ್ದರು. ಈಗ ಆ ಬೇವಿನ ನೆರಳಲ್ಲೇ ನಾವು ಕೂತು ಸಭೆ ಮಾಡೋದು.

ಇಂಥವರಿಗೆ ಮಿಕ್ಸಿ ಮೇಲೆ ಹಾಕುವ ಇನ್ನೊಂದು ಶಾಲು ಕೊಡಬೇಕಾ? ಇದೇ ನಮ್ಮ ಜಗಳ.

ಡಿಸೆಂಬರ್ 5 ಅಂತಾರಾಷ್ಟ್ರೀಯ ಸ್ವಯಂಸೇವಕರ ದಿನ. 1985ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಆ ದಿನ ನಮ್ಮ ಪಾರ್ಕಿನ ನಾಲ್ಕು ಜನರಿಗೆ ಸನ್ಮಾನ ಅಂತ ಠರಾವು ಆಯಿತು. ಏನು ಕೊಡಬೇಕು ಅನ್ನೋ ಮಾತು ಬಂದಾಗ ನಾನು ಕಿನ್ನಾಳ ಅಂದೆ. ‘ಗೊಂಬಿ ಕೊಡೂದೇನ್ರೀ ಅಕ್ಕಾರ, ಅವರೇನು ಹುಡುಗ್ರೇನು?’ ಅಂದರು ಒಬ್ಬರು. ಇನ್ನೊಬ್ಬರು ನೇರವಾಗಿ ದುಡ್ಡೇ ಕೊಡಿ ಅಂದರು. ಕಾಕಾ ದುಡ್ಡು ಮುಟ್ಟಲ್ಲ. ಮುಟ್ಟೋರಾಗಿದ್ದರೆ ಇಷ್ಟು ದಿನದ ಕೂಲಿ ಲೆಕ್ಕ ಹಾಕಿ ನಮ್ಮ ಸಂಘವನ್ನೇ ಬರೆದುಕೊಡಬೇಕಾಗುತ್ತಿತ್ತು.

ಕಿನ್ನಾಳ ಕೊಪ್ಪಳದಿಂದ 12-13 ಕಿ.ಮೀ. ಬೆಂಗಳೂರಿನವರು ಆ ಗೊಂಬೆಗಳನ್ನು ಕೊಂಡು ಶೋಕೇಸಿನಲ್ಲಿ ಇಡುತ್ತಾರೆ. ಇದು ಇದೇ ಊರಿನ ವಿಶೇಷ ಅಂತ ಸರ್ಕಾರ ಕೊಡುವ ಗುರುತು, ಜಿಐ ಟ್ಯಾಗ್, ಬೇರೆ ಸಿಕ್ಕಿದೆ. ನಾವು ಮಾತ್ರ ಪಕ್ಕದಲ್ಲೇ ಇದ್ದೂ ಫಲಕ ಖರೀದಿ ಮಾಡುತ್ತೇವೆ. ಅಲ್ಲಿ ಈ ಕೆಲಸ ಮಾಡುವವರು ಚಿತ್ರಗಾರ ಮನೆತನದವರು. ವಿಜಯನಗರದ ಕಾಲದಿಂದ ಬಂದ ಕಸುಬು, ಹಂಪಿ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದದ್ದೂ ತಮ್ಮ ಹಿರಿಯರೇ ಎಂದು ಅವರು ಹೇಳುತ್ತಾರೆ.

ನಾವು ಹೋದದ್ದು ಅಂಗಡಿಗಲ್ಲ, ಮನೆಗೆ. ಪಡಸಾಲೆಯೇ ಕಾರ್ಖಾನೆ. ಒಂದು ಕಡೆ ಬಣ್ಣ ಕಾಣದ ಬರೀ ಮರದ ಗಿಳಿಗಳ ಸಾಲು, ಇನ್ನೊಂದು ಕಡೆ ಅರ್ಧ ಮುಗಿದ ಗರುಡ, ಕಂಬಕ್ಕೆ ಒರಗಿಸಿಟ್ಟ ರೆಕ್ಕೆಗಳು. ಹುಣಸೆಬೀಜದ ಅಂಟಿನ ವಾಸನೆ. ಮನೆಯವರೆಲ್ಲ ಒಂದೊಂದು ಕೆಲಸ ಹಿಡಿದು ಕೂತಿದ್ದರು.

ಕೆಲಸ ನೋಡಿದ ಮೇಲೆ ಬೆಲೆಯ ಬಗ್ಗೆ ನನ್ನ ಬಾಯಿ ಅರ್ಧ ಮುಚ್ಚಿತು. ಹಗುರವಾದ ಮರ. ಮೈ, ತಲೆ, ರೆಕ್ಕೆ ಬೇರೆ ಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಆಮೇಲೆ ‘ಕಿಟ್ಟ’. ಹಳೆಯ ಗೋಣಿಚೀಲದ ಚಿಂದಿಯನ್ನು ನೆನೆಸಿ, ಸಣ್ಣಗೆ ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಹುಣಸೆಬೀಜದ ಅಂಟು ಸೇರಿಸಿ ಕಲಸಿದ್ದು. ಅದನ್ನು ಕೈಯಿಂದಲೇ ಮೈಗೆಲ್ಲ ಬಳಿಯುತ್ತಾರೆ. ಜೋಡಿಸಿದ ಗೆರೆ ಎಲ್ಲಿತ್ತು ಅಂತ ಆಮೇಲೆ ಹುಡುಕಿದರೂ ಸಿಗಲ್ಲ. ಅದರ ಮೇಲೆ ಬಟ್ಟೆಯ ಸಣ್ಣ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಕೂರುವುದು ಈ ಲೇಪದ ಮೇಲೆ. ಗರುಡನ ಕಿರೀಟ, ಕೊರಳ ಸರ ಇವೆಲ್ಲ ಕೆತ್ತಿದ್ದಲ್ಲ. ಕಲ್ಲಿನ ಪುಡಿಗೆ ಗೋಂದು ಕಲಸಿ ಉಬ್ಬಾಗಿ ಎಳೆದದ್ದು. ಒಂದೊಂದು ಪದರವೂ ಒಣಗಬೇಕು. ಒಣಗದೆ ಮುಂದಿನದು ಹಾಕಿದರೆ ಬಿರುಕು.

ಒಬ್ಬ ಹೆಣ್ಣುಮಗಳು ಗಿಳಿಯ ಕಣ್ಣು ಬರೆಯುತ್ತಿದ್ದಳು. ಮೊದಲು ಬಿಳಿ ಬೊಟ್ಟು. ಅದು ಒಣಗುವವರೆಗೆ ಆ ಗಿಳಿಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವಳು. ಆಮೇಲೆ ಕಪ್ಪು. ಕುಂಚ ಎಷ್ಟು ಸಣ್ಣದೆಂದರೆ ತುದಿಯಲ್ಲಿ ನಾಲ್ಕೈದು ಕೂದಲು ಇದ್ದಂತಿತ್ತು. ಕಪ್ಪು ಹಾಕುವಾಗ ಮಾತಾಡಲಿಲ್ಲ. ನಾನು ಏನೋ ಕೇಳಿದೆ, ಉತ್ತರ ಬರಲಿಲ್ಲ. ಕಣ್ಣು ಮುಗಿದ ಮೇಲೆ ತಲೆ ಎತ್ತಿ, ‘ಏನಂದ್ರಿ ಅಕ್ಕಾರ?’ ಅಂದಳು. ನನ್ನ ಅಂಗಡಿಯಲ್ಲಿ ಜೆರಾಕ್ಸ್ ಮಷೀನಿನ ಮುಂದೆ ನಿಂತ ಹುಡುಗ ಇಷ್ಟು ಗಮನ ಕೊಟ್ಟಿದ್ದರೆ ನಾನು ಇಷ್ಟು ಹಾಳೆ ಕಸಕ್ಕೆ ಹಾಕುತ್ತಿರಲಿಲ್ಲ.

ಈಗ ಬೆಲೆ. ಗಿಳಿ 750, ಆನೆ 900, ಕುದುರೆ 850, ಸಣ್ಣ ಗರುಡ 1,800. ಒಟ್ಟು 4,300 ರೂಪಾಯಿ. ಕೆಳಗಿನ ಪೀಠ, ಅದರ ಮೇಲೆ ಬರೆಯುವ ಹೆಸರು ಎಲ್ಲ ಇದರಲ್ಲೇ ಬಂತು. ಫಲಕದ ಅಂಗಡಿಯವರು ನಾಲ್ಕಕ್ಕೆ 1,600 ಹೇಳಿದ್ದರು. ಅಂದರೆ 2,700 ಜಾಸ್ತಿ. ಇದಕ್ಕೆ ಸಂಘದಲ್ಲಿ ನನಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಬರೆಯಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟೆವಲ್ಲ, ಅದರಲ್ಲಿ ಬಹಳಷ್ಟು ಸರಿಹೋಯಿತು. ಶಾಲಿನ ಜಾಗಕ್ಕೆ ಗಂಜ್ ಸರ್ಕಲ್ ಕಡೆಯ ಕೃಷಿ ಸಾಮಾನಿನ ಅಂಗಡಿಯಿಂದ ಕೆಲಸಕ್ಕೆ ಬರುವ ವಸ್ತು ಒಂದೊಂದು ತಂದೆವು. ಕಾಕಾಗೆ ಮೊಣಕಾಲುದ್ದದ ಗಮ್‌ಬೂಟು ಮತ್ತು ಚರ್ಮದ ಕೈಗವಸು. ಆ ಹವಾಯಿ ಚಪ್ಪಲಿ ನೋಡಿ ನೋಡಿ ನನಗೆ ಸಾಕಾಗಿತ್ತು.

ಯಾರಿಗೆ ಯಾವ ಗೊಂಬೆ ಅನ್ನೋದು ಫಲಕದಲ್ಲಿ ಸಿಗದ ಮಜಾ. ಗಿಳಿ ಕಾಕಾಗೆ. ಗೇಟಿನ ಹತ್ತಿರ ಹೂ ಮಾರುವ ಅಕ್ಕ ಇದ್ದಾರೆ. ಪಾರ್ಕಿನ ನಿಜವಾದ ಕಾವಲು ಅವರದೇ. ಆಡು ಒಳಗೆ ನುಗ್ಗಿದರೆ ಕಲ್ಲು ಹುಡುಕಲ್ಲ, ಅವರ ಬಾಯಿಗೇ ಓಡಿ ಹೋಗುತ್ತವೆ. ಸಂಜೆ ಬಾಟಲಿ ಹಿಡಿದು ಬರುವವರೂ ಅಷ್ಟೇ. ಹೂವಿಗೆ ಚಿಮುಕಿಸಿ ಉಳಿದ ಬಕೆಟ್ ನೀರನ್ನು ದಾಸವಾಳಕ್ಕೆ ಹಾಕಿ ಮನೆಗೆ ಹೋಗುತ್ತಾರೆ. ಅವರಿಗೆ ಏನಿಷ್ಟ ಅಂತ ತಿಳಿಯಲು ಫೋನಿನಲ್ಲಿ ಗೊಂಬೆಗಳ ಫೋಟೊ ತೋರಿಸಿ, ಸುಮ್ನೆ ಕೇಳಿದ ಹಾಗೆ, ಯಾವುದು ಚಂದ ಅಂದೆ. ‘ಆನಿ. ಗಿಳಿ ಹಾರಿ ಹೋಗ್ತೈತಿ, ಆನಿ ನಿಂತಲ್ಲೇ ನಿಂದರ್ತೈತಿ’ ಅಂದರು. ಬಿಸಿಲು ಮಳೆ ಅನ್ನದೆ ಆ ಗೇಟಿನಲ್ಲಿ ಕೂರುವವರು ಅವರೇ. ಆನೆ ಬಿಟ್ಟು ಬೇರೇನು ಕೊಡೋದು?

ಕುದುರೆ ಖೋ ಖೋ ಕಲಿಸುವ ಹುಡುಗನಿಗೆ. ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ ಇರಬೇಕು. ನಮ್ಮಲ್ಲಿ ಅಷ್ಟು ಜಾಗ ಎಲ್ಲಿದೆ? ಬೇವಿನ ಗಿಡ ಮತ್ತು ಜೋಕಾಲಿಯ ನಡುವೆ ಸಿಕ್ಕಷ್ಟರಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು, ಎರಡು ಕಂಬ ನೆಟ್ಟು, ಓಣಿಯ ಹೆಣ್ಣುಮಕ್ಕಳಿಗೆ ಸಂಜೆ ಆಡಿಸುತ್ತಾನೆ. ಕಂಬ ಸುತ್ತುವಾಗ ಜೋಕಾಲಿಗೆ ತಲೆ ತಾಗದ ಹಾಗೆ ತಿರುಗೋದು ಅವನ ಶಿಷ್ಯೆಯರಿಗೆ ಮಾತ್ರ ಬರುವ ವಿದ್ಯೆ. ಮೊದಲು ಆ ಹುಡುಗಿಯರು ಪಾರ್ಕಿಗೆ ಬಂದರೆ ಬೆಂಚಿನ ಮೇಲೆ ಕೂತು ತಮ್ಮ ತಮ್ಮಂದಿರನ್ನು ಕಾಯುತ್ತಿದ್ದರು. ಈಗ ತಮ್ಮಂದಿರು ಬೆಂಚಿನ ಮೇಲೆ, ಅಕ್ಕಂದಿರು ಅಂಕಣದಲ್ಲಿ.

ಗರುಡ ನಮ್ಮ ಫೈಲ್ ಸರ್‌ಗೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪಾರ್ಕಿನ ಒಂದು ಬದಿಯಲ್ಲಿ ಶೆಡ್ ಕಟ್ಟೋಣ, ಕಾರು ನಿಲ್ಲಿಸೋಣ ಅಂತ ಒಮ್ಮೆ ಕೆಲವರು ಇಟ್ಟಿಗೆ ಇಳಿಸಿದ್ದರು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರದ್ದೇ ಒಂದು ಕಾಯ್ದೆ ಇದೆ. ವಿಶ್ವಸಂಸ್ಥೆ ಸ್ವಯಂಸೇವಕರ ದಿನ ಗೊತ್ತು ಮಾಡಿದ ವರ್ಷದ್ದೇ, ನೋಡಿ. ಸರ್ ಅದರ ಪ್ರತಿ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಿ, ಬಡಾವಣೆಯ ನಕ್ಷೆ ಜೊತೆಗಿಟ್ಟು, ಅರ್ಜಿ ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದರು. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ. ಫೈಲ್ ತೆರೆದು ಬೆಂಚಿನ ಮೇಲೆ ಕೂತರು ಅಷ್ಟೇ. ಇಟ್ಟಿಗೆ ವಾಪಸ್ ಹೋಯಿತು. ಜೆರಾಕ್ಸಿನ ದುಡ್ಡೂ ಪೂರ್ತಿ ಕೊಟ್ಟರು. ನಾನು ಬೇಡ ಅಂದರೂ ರಸೀದಿ ಕೇಳಿದರು.

ಹಾಗಂತ ಕೊಪ್ಪಳಕ್ಕೆ ಶ್ರಮದಾನ ಹೊಸದೇನಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಿರೇಹಳ್ಳಕ್ಕೆ ಇಳಿದು ಸ್ವಚ್ಛ ಮಾಡಿಸಿದಾಗ ಊರೂರಿನಿಂದ ಜನ ಬಂದಿದ್ದರು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಗಳಿಂದ ರೊಟ್ಟಿ ಟ್ರ್ಯಾಕ್ಟರ್ ತುಂಬಿ ಬರುತ್ತದೆ. ಯಾರು ಬಡಿದ ರೊಟ್ಟಿ ಅಂತ ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಜಾತ್ರೆ, ಹಳ್ಳ ಇವು ಸಾವಿರಾರು ಜನ ಒಂದಾಗಿ ಮಾಡುವ ಕೆಲಸ. ಪಾರ್ಕಿನಲ್ಲಿ ಕಾಕಾ ಒಬ್ಬರೇ. ಮಂಗಳವಾರ ಬೆಳಿಗ್ಗೆ ಯಾರೂ ನೋಡದಾಗಲೂ ಒಬ್ಬರೇ. ಅದಕ್ಕೇ ಹೆಸರು ಹಿಡಿದು ಕರೆಯಬೇಕು ಅನ್ನೋದು ನನ್ನ ಹಟ.

ಸಮಾರಂಭದ ವಿಷಯ ಬೇಗ ಮುಗಿಸುತ್ತೇನೆ. ವೇದಿಕೆ ಹಾಕಲಿಲ್ಲ. ಬೇವಿನ ಕೆಳಗೆ ನಾಲ್ಕು ಕುರ್ಚಿ. ಭಾಷಣಕ್ಕೆ ಐದು ನಿಮಿಷ ಅಂತ ಇಟ್ಟಿದ್ದೆವು, ಅಧ್ಯಕ್ಷರು ಇಪ್ಪತ್ತು ತಗೊಂಡರು. ಒಗ್ಗಾಣಿ, ಮಿರ್ಚಿ, ಚಾ. ಮಿರ್ಚಿ ಆರಿಹೋಗಿತ್ತು, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಗೊಂಬೆ ಕೈಗೆ ಕೊಡುವುದು ಯಾರು ಅಂತ ಒಂದು ಚರ್ಚೆ ಆಯಿತು. ದೊಡ್ಡ ಮನುಷ್ಯರನ್ನು ಕರೆಸಿದರೆ ಅವರು ಬರುವವರೆಗೆ ಕಾಯಬೇಕು, ಆಮೇಲೆ ಅವರಿಗೇ ಶಾಲು ಹೊದಿಸಬೇಕು. 2019ರಲ್ಲಿ ಸಾಲುಮರದ ತಿಮ್ಮಕ್ಕ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಹಣೆ ಮುಟ್ಟಿ ತಾವೇ ಆಶೀರ್ವಾದ ಮಾಡಿದ್ದರಲ್ಲ, ಆ ಫೋಟೊ ನನ್ನ ಅಂಗಡಿಯ ಗೋಡೆ ಮೇಲಿದೆ. ಯಾರು ಯಾರಿಗೆ ಕೊಡುತ್ತಿದ್ದಾರೆ ಅನ್ನೋದೇ ಅದರಲ್ಲಿ ಗೊತ್ತಾಗಲ್ಲ. ನಾವು ಖೋ ಖೋ ಹುಡುಗಿಯರ ಕೈಲೇ ಕೊಡಿಸಿದೆವು.

ಕಾಕಾ ಗಿಳಿಯನ್ನು ಎರಡೂ ಕೈಯಲ್ಲಿ ತಗೊಂಡು ತೂಕ ನೋಡಿದರು. ‘ಹಗುರೈತಲ್ಲ’ ಅಂದರು. ತಿರುಗಿಸಿ ಹೊಟ್ಟೆ ನೋಡಿದರು, ಬಾಲ ನೋಡಿದರು, ಉಗುರಿನಿಂದ ಮೆಲ್ಲಗೆ ತಟ್ಟಿದರು. ಯಾವ ಮರ ಅಂತ ಕೇಳಿದರು. ಜಾಲಿ ಅಲ್ಲ ಅಂದೆ. ‘ಮತ್ತ ಇದಕ್ಕ ದಿನಾ ನೀರು ಹಾಕೂದು ಬ್ಯಾಡಲ್ಲ?’ ಅಂದರು. ಎಲ್ಲರೂ ನಕ್ಕರು. ಆಮೇಲೆ ಪೀಠದ ಮೇಲೆ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. ಈ ಸಲ ಒತ್ತಕ್ಷರ ಸರಿಯಾಗಿತ್ತು.

ಆ ಹೆಸರಿನ ಬಗ್ಗೆ ಎರಡು ಮಾತು. ಕಿನ್ನಾಳದ ಗೊಂಬೆಯಲ್ಲಿ ಹೆಸರು ಹಾಕಲು ಜಾಗವೇ ಇರಲ್ಲ. ಗಿಳಿಯ ಎದೆ ಮೇಲೆ ‘ಇಂಥವರಿಗೆ ಪ್ರೀತಿಪೂರ್ವಕ’ ಅಂತ ಬರೆಸಿದರೆ ಗಿಳಿಯೂ ಕೆಡುತ್ತದೆ, ಪ್ರೀತಿಯೂ ಕೆಡುತ್ತದೆ. ಕೆಳಗೆ ಮರದ ಪೀಠ ಮಾಡಿಸಿ, ಅದರ ಮೇಲೆ ಅದೇ ಕುಂಚದಿಂದ ಬರೆಸಿ. ಹೆಸರನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಫೋನಿನಲ್ಲಿ ಹೇಳಬೇಡಿ. ಹೆಸರಿನ ಕೆಳಗೆ ಮಾಡಿದ ಕೆಲಸ ಒಂದು ಸಾಲು ಬರೆಸಿದೆವು. ಕಾಕಾದು: ‘ಜಾಲಿ ತೆಗೆದು ಬೇವು ಇಟ್ಟವರು.’ ನಿಸ್ವಾರ್ಥ ಸೇವೆ, ಅನುಪಮ ಕೊಡುಗೆ ಅಂತೆಲ್ಲ ಬರೆಸಿದರೆ ಅದು ಯಾರ ಮನೆಯಲ್ಲಿದ್ದರೂ ನಡೆಯುತ್ತದೆ.

ಈಗ ಹೋದ ಸ್ಟಾರಿನ ಲೆಕ್ಕ.

ಅರ್ಧ ಸ್ಟಾರ್ ತಡಕ್ಕೆ. ನವೆಂಬರ್ ಕೊನೆಗೆ ಕೊಡುತ್ತೇವೆ ಅಂದಿದ್ದರು. ಫೋನ್ ಮಾಡಿದಾಗೆಲ್ಲ ‘ಬಣ್ಣ ಒಣಗಾಕತ್ತೈತ್ರಿ ಅಕ್ಕಾರ’ ಅಂತ ಒಂದೇ ಉತ್ತರ. ಕೈಗೆ ಸಿಕ್ಕಿದ್ದು ಸಮಾರಂಭದ ಹಿಂದಿನ ಸಂಜೆ. ಬಣ್ಣ ಒಣಗುವುದಕ್ಕೆ ಅವರನ್ನು ಬೈಯಲಾಗಲ್ಲ. ಆದರೆ ಒಣಗಲು ಎಷ್ಟು ಹೊತ್ತು ಬೇಕು ಅನ್ನೋದು ತಲೆಮಾರುಗಳಿಂದ ಈ ಕೆಲಸ ಮಾಡುವವರಿಗೆ ಗೊತ್ತಿರಬೇಕಲ್ವಾ? ಆರ್ಡರ್ ತಗೊಳ್ಳುವಾಗಲೇ ಹತ್ತು ದಿನ ಜಾಸ್ತಿ ಹೇಳಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿತ್ತು.

ಇನ್ನರ್ಧ ಪ್ಯಾಕಿಂಗಿಗೆ. ಇಷ್ಟು ಪದರ ಕಟ್ಟಿ, ಉಸಿರು ಬಿಗಿಹಿಡಿದು ಕಣ್ಣು ಬರೆದ ಗಿಳಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕ್ಯಾರಿಬ್ಯಾಗಿಗೆ ಹಾಕಿ ಕೊಟ್ಟರು. ನಮ್ಮ ರಸ್ತೆ ಗೊತ್ತಲ್ಲ. ಸ್ಕೂಟಿಯಲ್ಲಿ ಬರುವಷ್ಟರಲ್ಲಿ ಕುದುರೆಯ ಕಿವಿಯ ತುದಿ ಚೂರು ಎದ್ದಿತ್ತು. ವಾಪಸ್ ಹೋಗಿ ತೋರಿಸಿದರೆ ಒಂದು ಮಾತೂ ಆಡದೆ, ಕಾಸೂ ತಗೊಳ್ಳದೆ, ಅಲ್ಲೇ ಕೂತು ಕಿಟ್ಟ ತುಂಬಿ ಬಣ್ಣ ಹಚ್ಚಿ ಕೊಟ್ಟರು. ಕಿವಿ ರಿಪೇರಿಯಾದದ್ದು ನನಗೇ ಈಗ ಗೊತ್ತಾಗಲ್ಲ. ಅದಕ್ಕೆ ಕಾಲು ಸ್ಟಾರ್ ವಾಪಸ್ ಕೊಡಬೇಕು ಅನಿಸುತ್ತದೆ, ಆದರೆ ಸ್ಟಾರಿನಲ್ಲಿ ಚಿಲ್ಲರೆ ಇಲ್ಲ. ನೀವು ಹೋಗುವಾಗ ರಟ್ಟಿನ ಡಬ್ಬಿ, ಹತ್ತಿ, ಹಳೆಯ ಸೀರೆ ಒಯ್ಯಿರಿ. ಡಬ್ಬಿ ಬೇಕಾದರೆ ಯಾವುದಾದರೂ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಯಾವ ಅಂಗಡಿ ಅಂತ ನಾನು ಹೇಳಬಾರದು.

ಬಿಲ್ಲು ಕೈಬರಹದ್ದು. ಯುಪಿಐ ನಡೆಯುತ್ತದೆ. ನಮ್ಮಂಥ ಸಂಘಕ್ಕೆ ಅದು ಸಾಕು. ನಿಮ್ಮದು ಆಡಿಟ್ ಇರುವ ಸಂಸ್ಥೆಯಾಗಿದ್ದರೆ ಮೊದಲೇ ಕೇಳಿಕೊಳ್ಳಿ. ಫೈಲ್ ಸರ್ ಆ ಕೈಬರಹದ ಬಿಲ್ಲನ್ನೂ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ತಮಗೆ ಕೊಟ್ಟ ಕಾಣಿಕೆಯ ಬಿಲ್ಲನ್ನು!

ನಿಭಾಯಿಸುವುದು ಸುಲಭ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಬಟ್ಟೆ ಸಾಕು. ನೇರ ಬಿಸಿಲಿಗೆ ಇಡಬೇಡಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಂದ ದೂರ ಇಡಿ. ಗೊಂಬೆ ಅಂತ ಹೆಸರಿದ್ದರೂ ಇದು ಆಡುವ ಸಾಮಾನಲ್ಲ. ಹೂವಿನ ಅಕ್ಕ ಮಾತ್ರ ಯಾವ ಸೂಚನೆಯನ್ನೂ ಕೇಳಿಲ್ಲ. ಆನೆಯನ್ನು ಜಗಲಿ ಮೇಲಿಟ್ಟು ದಿನಾ ಒಂದು ಎಳೆ ಮಲ್ಲಿಗೆ ಮುಡಿಸುತ್ತಾರಂತೆ. ಮಲ್ಲಿಗೆಯ ತೇವ ಬಣ್ಣಕ್ಕೆ ಒಳ್ಳೆಯದಲ್ಲ ಅಂತ ಹೇಳಿದೆ. ‘ಬಣ್ಣ ಹೋದ್ರ ನೀವೇ ಹಚ್ಚಿಸಿಕೊಂಡ್ ಬರ್ರಿ, ನೀವೇ ಕೊಟ್ಟೀರಲ್ಲ’ ಅಂದರು. ಮಾರಾಟದ ನಂತರದ ಸೇವೆ ನನ್ನ ತಲೆಗೇ ಬಂತು.

ಯಾರು ತಗೊಳ್ಳಬಾರದು ಅಂತಲೂ ಹೇಳುತ್ತೇನೆ. ನಾಳೆ ಕಾರ್ಯಕ್ರಮ, ನಲವತ್ತು ಜನರಿಗೆ ಕೊಡಬೇಕು, ತಲೆಗೆ 300 ರೂಪಾಯಿ ಮೀರಬಾರದು ಅನ್ನುವವರು ಕಿನ್ನಾಳದ ದಾರಿ ಹಿಡಿಯಬೇಡಿ. ಅವರನ್ನು ಅವಸರ ಮಾಡಿ ಕೆಡಿಸಬೇಡಿ. ಫಲಕದ ಅಂಗಡಿ ಇದೆ, ಹೆಸರು ಎರಡು ಸಲ ಓದಿ ನೋಡಿ ತಗೊಳ್ಳಿ. ಮೂರು ನಾಲ್ಕು ಜನ, ಅವರ ಕೆಲಸ ನಿಮಗೆ ಚೆನ್ನಾಗಿ ಗೊತ್ತಿದೆ, ಕೈಯಲ್ಲಿ ಎರಡು ತಿಂಗಳು ಸಮಯ ಇದೆ ಅಂದರೆ ಮಾತ್ರ ಇದು ನಿಮಗೆ. ಮಳೆಗಾಲದಲ್ಲಿ ಆರ್ಡರ್ ಕೊಟ್ಟರೆ ಇನ್ನೂ ಒಂದು ತಿಂಗಳು ಸೇರಿಸಿಕೊಳ್ಳಿ.

ಮುಂದಿನ ಸಲಕ್ಕೆ ಹೆಸರುಗಳು ಈಗಲೇ ಬರುತ್ತಿವೆ. ರಾತ್ರಿ ಪಾರ್ಕಿನ ದೀಪ ಹಾಕಿ ಆರಿಸುವ ಹುಡುಗ ಒಬ್ಬ. ಜಾರುಬಂಡಿಯ ತುಕ್ಕು ಹಿಡಿದ ಅಂಚಿಗೆ ವೆಲ್ಡಿಂಗ್ ಮಾಡಿ ಕಾಸು ಬೇಡ ಅಂದವರು ಒಬ್ಬರು. ದಸರಾ ಮುಗಿದ ಕೂಡಲೇ ಕಿನ್ನಾಳಕ್ಕೆ ಹೋಗಿ ಮುಂಗಡ ಕೊಟ್ಟು ಬರಬೇಕು ಅಂತ ಸಭೆಯಲ್ಲಿ ಬರೆಸಿದ್ದೇನೆ. ಕಳೆದ ಸಲ ಇವರೇನು ಹುಡುಗ್ರೇನು ಅಂದವರೇ ಮೊನ್ನೆ ಬೆಂಚಿನ ಮೇಲೆ ಪಕ್ಕ ಬಂದು ಕೂತು, ದೊಡ್ಡ ಗರುಡಕ್ಕೆ ಎಷ್ಟಾಗುತ್ತದೆ ಅಂತ ಕೇಳಿದರು. ಎರಡು ತಿಂಗಳ ಚಂದಾ ಬಾಕಿ ಇದೆ ಅವರದು. ಅದನ್ನು ಮೊದಲು ಕೊಡಿ ಅಂದೆ.